ಕೋಲಿಗೆ ಬಲ ಕೊಡುವವರು

1964ರ ಮಾರ್ಚ್ 10ರಂದು ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಒಂದು ಪ್ರಕಟಣೆ ಹೊರಡಿಸಿದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಲಾಗುವುದು ಎಂಬುದು ಅದರ ಸಾರ. ವೃಂದ ಲೆಗ್ ಅವರದೇ ಸೃಷ್ಟಿ. ಮಹಾಯುದ್ಧ ಮುಗಿದ 1945ರಲ್ಲೇ ಲಂಡನ್ನಿನ ಪಳಗಿದ ವಾದಕರನ್ನು ಹುಡುಕಿ ಆರಿಸಿ ಅದನ್ನು ಕಟ್ಟಿದ್ದರು. ಕಟ್ಟಿದವರೇ ಬಾಗಿಲು ಹಾಕುತ್ತೇನೆಂದರೆ ಕೇಳುವವರು ಯಾರು?

ವಾದಕರು ಕೇಳಿದರು. ಒಂದು ವಾರ ಕಳೆಯುವಷ್ಟರಲ್ಲಿ ಸಭೆ ಸೇರಿ, ವೃಂದವನ್ನು ತಾವೇ ನಡೆಸುವುದೆಂದು ಒಮ್ಮತದಿಂದ ತೀರ್ಮಾನಿಸಿದರು. ಹಳೆಯ ಹೆಸರು ಕೈತಪ್ಪಿದ್ದರಿಂದ 'ನ್ಯೂ ಫಿಲ್‌ಹಾರ್ಮೋನಿಯಾ' ಎಂದು ಹೆಸರಿಟ್ಟುಕೊಂಡರು. ಅದೇ ವರ್ಷ ಅಕ್ಟೋಬರ್ 27ರಂದು ಬೀಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿ ಹೊಸ ಬಾಳು ಆರಂಭಿಸಿದರು. ಆ ಸಂಜೆ ವೇದಿಕೆಯ ಮೇಲೆ ವೃಂದವನ್ನು ನಡೆಸಿದವರು ಆಟ್ಟೋ ಕ್ಲೆಂಪರರ್. ವಯಸ್ಸು 79. 1939ರಲ್ಲಿ ಮೆದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದೇಹಕ್ಕೆ ಭಾಗಶಃ ಪಾರ್ಶ್ವವಾಯು ಹೊಡೆದಿತ್ತು. 1951ರಲ್ಲಿ ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಂದಿನಿಂದ ಕುಳಿತೇ ಕಂಡಕ್ಟ್ ಮಾಡಬೇಕಾಗಿ ಬಂತು. 1958ರಲ್ಲಿ ಹಾಸಿಗೆಯಲ್ಲಿ ಹೊಗೆ ಸೇದುತ್ತ ನಿದ್ದೆ ಹೋಗಿ ಮೈ ಸುಟ್ಟುಕೊಂಡಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಕೈಸನ್ನೆಯ ಅಂದಚೆಂದವನ್ನೇ ನಾಯಕತ್ವ ಎಂದುಕೊಂಡವರ ಕಣ್ಣಿಗೆ ಅವರಲ್ಲಿ ಏನೂ ಉಳಿದಿರಲಿಲ್ಲ. ಆದರೂ ದಿಕ್ಕು ತಪ್ಪಿದ ಗಳಿಗೆಯಲ್ಲಿ ಆ ವಾದಕರು ಹೋಗಿ ನಿಂತದ್ದು ಅವರ ಬಳಿಯೇ. ತಮ್ಮ ಸಂಸ್ಥೆಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು.

ಕಂಡಕ್ಟರ್‌ಗಳಿಂದ ನಾಯಕತ್ವದ ಪಾಠ ಕಲಿಯಬೇಕೆಂದು ಹೊರಟವರು ಮೊದಲು ನೋಡಬೇಕಾದದ್ದು ಈ ಪ್ರಸಂಗವನ್ನು. ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ತೋರಿಸುವ ಚಿತ್ರ ಬೇರೆಯದೇ. ಒಬ್ಬ ವ್ಯಕ್ತಿ ಎತ್ತರದ ಪೀಠದ ಮೇಲೆ ನಿಂತಿರುತ್ತಾನೆ, ಕೈ ಎತ್ತುತ್ತಾನೆ, ನೂರು ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ನೋಡುವ ಅಧಿಕಾರಿಗೆ ಪೀಠದ ಮೇಲಿರುವುದು ತಾನೇ ಎನಿಸುತ್ತದೆ. ಪೀಟರ್ ಡ್ರಕರ್ ಅವರಂಥ ಚಿಂತಕರೇ 1988ರಲ್ಲಿ ಮುಂದಿನ ಕಾಲದ ಕಂಪನಿ ಸಿಂಫನಿ ವೃಂದದ ಹಾಗಿರುತ್ತದೆ ಎಂದು ಬರೆದಿದ್ದರು. ನಡುವಿನ ಮೇಲ್ವಿಚಾರಕರ ಮೆಟ್ಟಿಲುಗಳಿಲ್ಲದೆ ನೂರಾರು ಪರಿಣತರು ನೇರವಾಗಿ ಒಬ್ಬ ಮುಖ್ಯಸ್ಥನ ಜೊತೆ ಕೆಲಸ ಮಾಡುತ್ತಾರೆ ಎಂಬುದು ಅವರ ಆಲೋಚನೆ. ಅದರಲ್ಲಿ ಸತ್ಯವಿದೆ. ಆದರೆ ಈ ಚಿತ್ರವನ್ನು ಪೀಠದ ಮೇಲಿಂದ ನೋಡಿದಷ್ಟು ಕಾಲ ಕಾಣುವುದು ಅರ್ಧವೇ. ಕುರ್ಚಿಗಳಲ್ಲಿ ಕುಳಿತವರ ಕಡೆಯಿಂದ ನೋಡಿದರೆ ಉಳಿದರ್ಧ ಕಾಣುತ್ತದೆ. ಕಂಡಕ್ಟರ್ ಕೈಯಲ್ಲಿರುವ ಅಧಿಕಾರ ವಾದಕರು ಕೊಟ್ಟ ಸಾಲ. ಅದನ್ನು ಅವರು ಕಛೇರಿಯಿಂದ ಕಛೇರಿಗೆ ನವೀಕರಿಸುತ್ತಾರೆ, ಬೇಡವೆನಿಸಿದ ದಿನ ವಾಪಸು ಪಡೆಯುತ್ತಾರೆ.

ಫಿಲ್‌ಹಾರ್ಮೋನಿಯಾದ ಕಥೆಯಲ್ಲಿ ಮೈಸೂರಿನ ಪಾಲೂ ಇದೆ. ಯುವಕರಾಗಿದ್ದಾಗ ಪಿಯಾನೋ ವಾದಕರಾಗುವ ಕನಸು ಕಂಡಿದ್ದ, ಮುಂದೆ ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಈ ವೃಂದದ ಆರಂಭದ ಕಷ್ಟಕಾಲದಲ್ಲಿ ಆಸರೆಯಾದರು. ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ಯುದ್ಧಾನಂತರದ ದಿನಗಳಲ್ಲಿ ಮತ್ತೆ ನೆಲೆ ಹುಡುಕುತ್ತಿದ್ದ ಕಂಡಕ್ಟರ್ ಹರ್ಬರ್ಟ್ ಫಾನ್ ಕಾರಯಾನ್ ಇದೇ ವೃಂದದೊಂದಿಗೆ ಬಾಲಕಿರೆವ್ ಮತ್ತು ರೂಸೆಲ್ ಅವರ ಸಿಂಫನಿಗಳನ್ನು ಧ್ವನಿಮುದ್ರಿಸಿದ್ದು ಮೈಸೂರಿನ ಹಣದಿಂದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ. ಅದರ ಖರ್ಚಿಗೆ ಜಾಮೀನು ನಿಂತವರೂ ಒಡೆಯರೇ. 1952ರಲ್ಲಿ ಕಂಡಕ್ಟರ್ ಆರ್ಟುರೋ ಟೊಸ್ಕಾನಿನಿ ಬಂದು ಇದೇ ವಾದಕರ ಜೊತೆ ಬ್ರಾಮ್ಸ್ ಕೃತಿಗಳನ್ನು ನಡೆಸಿಕೊಟ್ಟರು.

ಹಾಗಾಗಿ 1964ರಲ್ಲಿ ಆ ಕುರ್ಚಿಗಳಲ್ಲಿದ್ದವರು ಸಾಮಾನ್ಯರಲ್ಲ. ಶತಮಾನದ ಅತಿ ದೊಡ್ಡ ಕಂಡಕ್ಟರ್‌ಗಳನ್ನೆಲ್ಲ ಹತ್ತಿರದಿಂದ ಕಂಡಿದ್ದರು. ಯಾರಲ್ಲಿ ಸತ್ವವಿದೆ, ಯಾರಲ್ಲಿ ಬರೀ ಠೀವಿ ಎಂದು ತೂಗುವುದು ಅವರಿಗೆ ಗೊತ್ತಿತ್ತು.

ಕಂಡಕ್ಟರ್ ತನ್ನಷ್ಟಕ್ಕೆ ಒಂದೇ ಒಂದು ಸ್ವರವನ್ನೂ ಹುಟ್ಟಿಸುವುದಿಲ್ಲ. ಬಾಸ್ಟನ್ ಫಿಲ್‌ಹಾರ್ಮೋನಿಕ್ ಸ್ಥಾಪಿಸಿದ ಬೆಂಜಮಿನ್ ಝಾಂಡರ್ ಈ ಮಾತನ್ನು ತಮ್ಮ ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ವೃಂದ ಕಟ್ಟಿ ವರ್ಷಗಳು ಉರುಳಿದ ಮೇಲೆ ಈ ಸರಳ ಸಂಗತಿ ಹೊಳೆದು ತಮ್ಮ ಕೆಲಸದ ರೀತಿಯೇ ಬದಲಾಯಿತು ಎನ್ನುತ್ತಾರೆ. ತಾಲೀಮಿಗೆ ಬರುವ ಪ್ರತಿ ವಾದಕರ ಸ್ಟ್ಯಾಂಡಿನ ಮೇಲೆ ಒಂದು ಖಾಲಿ ಹಾಳೆ ಇಡತೊಡಗಿದರು. ಕಂಡಕ್ಟರ್ ಏನು ತಪ್ಪು ಮಾಡುತ್ತಿದ್ದಾರೆ, ಏನು ಮಾಡಿದರೆ ಚೆನ್ನ ಎಂದು ಅದರಲ್ಲಿ ಬರೆಯಬಹುದು. ಮ್ಯೂನಿಕ್‌ನಲ್ಲಿ ಕಂಡಕ್ಟರ್ ಕಾರ್ಲೋಸ್ ಕ್ಲೈಬರ್ ಇದನ್ನೇ ತಿರುಗಿಸಿ ಮಾಡಿದರು. ಒಬ್ಬೊಬ್ಬ ವಾದಕರ ಸ್ಟ್ಯಾಂಡಿನ ಮೇಲೆ ಪುಟ್ಟ ಚೀಟಿ ಬಿಟ್ಟು ಹೋಗುತ್ತಿದ್ದರು. ನಿನ್ನೆ ಈ ಜಾಗದಲ್ಲಿ ಹೀಗಾಯಿತು, ಇಂದು ಹೀಗೆ ನೋಡೋಣವೇ ಎಂಬ ಧಾಟಿಯವು. ಎಲ್ಲರೆದುರು ಬೈಯುವುದಕ್ಕಿಂತ ಆ ಚೀಟಿ ಎಷ್ಟು ಹೆಚ್ಚು ನಾಟುತ್ತದೆಂದು ಗದರಿಸಿಕೊಂಡು ಕೆಲಸ ಮಾಡಿದ ಯಾರಿಗಾದರೂ ಗೊತ್ತು.

ಟೊಸ್ಕಾನಿನಿಯ ದಾರಿ ಇದಲ್ಲ. ಕೋಲು ಮುರಿಯುತ್ತಿದ್ದರು, ಕಿರುಚುತ್ತಿದ್ದರು, ವಾದಕರನ್ನು ಹೀನಾಯವಾಗಿ ಬೈಯುತ್ತಿದ್ದರು. ಅದೇ ಮನುಷ್ಯ 1931ರಲ್ಲಿ ಬೊಲೋನ್ಯಾದಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲು ಒಪ್ಪದೆ ಕೆನ್ನೆಗೆ ಏಟು ತಿಂದರು, 1933ರಲ್ಲಿ ನಾಜಿ ಜರ್ಮನಿಯ ಬೈರಾಯ್ಟ್ ಉತ್ಸವವನ್ನು ನಿರಾಕರಿಸಿದರು, 1936ರಲ್ಲಿ ಯುರೋಪಿನಿಂದ ಓಡಿಬಂದ ಯಹೂದಿ ವಾದಕರು ಪ್ಯಾಲೆಸ್ಟೈನ್‌ನಲ್ಲಿ ಕಟ್ಟಿದ ಹೊಸ ವೃಂದದ ಮೊದಲ ಕಛೇರಿ ನಡೆಸಿಕೊಟ್ಟರು. ಅವರ ಧೈರ್ಯ ದೊಡ್ಡದು. ಆದರೆ ಅವರ ಬೈಗುಳಕ್ಕೆ ಆ ಧೈರ್ಯ ಸಮರ್ಥನೆಯಾಗದು. ದೊಡ್ಡ ಕೆಲಸ ಮಾಡಿಸಲು ಜನರನ್ನು ಹಿಂಸಿಸಲೇಬೇಕು ಎಂಬ ನಂಬಿಕೆಗೆ ಟೊಸ್ಕಾನಿನಿಯ ಹೆಸರು ಹೇಳುವವರು ಇವತ್ತಿಗೂ ಇದ್ದಾರೆ. ಅವರು ಸಂಗೀತಗಾರರ ಮನಸ್ಸು ಏನು ಹೇಳುತ್ತದೆಂದು ಕೇಳಬೇಕು. ಹಾರ್ವರ್ಡ್‌ನ ರಿಚರ್ಡ್ ಹ್ಯಾಕ್‌ಮನ್ ಮತ್ತು ಸಂಗಡಿಗರು ಹದಿಮೂರು ಬಗೆಯ ಕೆಲಸಗಾರರ ಗುಂಪುಗಳನ್ನು ಹೋಲಿಸಿದಾಗ, ಕೆಲಸದ ಬಗೆಗಿನ ಒಳಗಿನ ತುಡಿತದಲ್ಲಿ ಸಿಂಫನಿ ವಾದಕರು ಎಲ್ಲರಿಗಿಂತ ಮೇಲಿದ್ದರು. ಕೆಲಸದಲ್ಲಿ ಸಿಗುವ ತೃಪ್ತಿಯಲ್ಲಿ ಮಾತ್ರ ಏಳನೇ ಸ್ಥಾನ, ಅಮೆರಿಕದ ಜೈಲು ಕಾವಲುಗಾರರಿಗಿಂತಲೂ ಒಂದು ಮೆಟ್ಟಿಲು ಕೆಳಗೆ. ಬಾಲ್ಯದಿಂದ ಸಂಗೀತಕ್ಕೇ ಬದುಕು ಕೊಟ್ಟವರು, ದಿನವೂ ಬೀಥೋವನ್ ನುಡಿಸುವವರು, ಇಷ್ಟು ಬೇಸರದಲ್ಲಿರಲು ಕಾರಣ ಸಂಗೀತವಂತೂ ಅಲ್ಲ. ತಮ್ಮ ಕೆಲಸದ ಬಗ್ಗೆ ತಮಗೆ ಮಾತಿಲ್ಲ ಎಂಬ ಭಾವನೆಯೇ ಅದರಲ್ಲಿ ದೊಡ್ಡದು. ಕಂಡಕ್ಟರ್ ಇಲ್ಲದೆ ನಾಲ್ಕೈದು ಜನ ಸೇರಿ ನುಡಿಸುವ ಪುಟ್ಟ ತಂಡಗಳ ವಾದಕರು ಅದೇ ಹೋಲಿಕೆಯಲ್ಲಿ ಬಹಳ ಮೇಲಿದ್ದರು.

ಹಾಗಾದರೆ ಮಾತು ಕೊಟ್ಟರೆ ಏನಾಗುತ್ತದೆ? ಇದಕ್ಕೆ ಬರ್ಲಿನ್ ಫಿಲ್‌ಹಾರ್ಮೋನಿಕ್‌ಗಿಂತ ದೊಡ್ಡ ಉದಾಹರಣೆ ಇಲ್ಲ. ಆ ವೃಂದ ಹುಟ್ಟಿದ್ದೇ ಸಿಟ್ಟಿನಿಂದ. 1882ರಲ್ಲಿ ಬೆಂಜಮಿನ್ ಬಿಲ್ಸೆ ಎಂಬಾತ ತನ್ನ ವಾದಕರನ್ನು ವಾರ್ಸಾಗೆ ರೈಲಿನ ನಾಲ್ಕನೇ ದರ್ಜೆಯಲ್ಲಿ ಕರೆದೊಯ್ಯಲು ಹೊರಟಾಗ ಐವತ್ತಕ್ಕೂ ಹೆಚ್ಚು ಜನ ಬಿಟ್ಟು ಬಂದು ತಮ್ಮದೇ ವೃಂದ ಕಟ್ಟಿಕೊಂಡರು. ಹೊಸ ವಾದಕರನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂದು ಇಂದಿಗೂ ಅಲ್ಲಿ ವಾದಕರೇ ಮತ ಹಾಕುತ್ತಾರೆ. ಮುಖ್ಯ ಕಂಡಕ್ಟರ್ ಯಾರೆಂದು ಆರಿಸುವವರೂ ಅವರೇ.

ಕಾರಯಾನ್ ಅಲ್ಲಿಗೆ 1955ರಲ್ಲಿ ಬಂದು ಮೂವತ್ತನಾಲ್ಕು ವರ್ಷ ಆಳಿದರು. ಆಳಿದರು ಎಂಬ ಮಾತು ಬೇಕೆಂದೇ ಬಳಸಿದ್ದು. ಹುದ್ದೆ ಜೀವಾವಧಿಯದು, ಕಣ್ಣು ಮುಚ್ಚಿಕೊಂಡೇ ಕಂಡಕ್ಟ್ ಮಾಡುತ್ತಿದ್ದರು, ವೃಂದಕ್ಕೆ ಹಣ ಮತ್ತು ಕೀರ್ತಿ ಧಾರಾಳವಾಗಿ ತಂದರು. 1982ರಲ್ಲಿ ಅವರು ಸಬೀನಾ ಮೇಯರ್ ಎಂಬ ಇಪ್ಪತ್ತಮೂರರ ಕ್ಲಾರಿನೆಟ್ ವಾದಕಿಯನ್ನು ಸೇರಿಸಿಕೊಳ್ಳಬೇಕೆಂದರು. ವಾದಕರು 73-4 ಮತಗಳಿಂದ ಬೇಡವೆಂದರು. ಅವರ ನಾದ ನಮ್ಮ ನಾದದೊಂದಿಗೆ ಬೆರೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹೆಂಗಸು ಎಂಬುದೇ ನಿಜವಾದ ಕಾರಣ ಎಂದು ಕಾರಯಾನ್ ಸೇರಿ ಅನೇಕರು ಭಾವಿಸಿದರು. ಕಾರಯಾನ್ ಮುನಿದು, ಒಪ್ಪಂದದಲ್ಲಿ ಇರುವಷ್ಟನ್ನು ಮಾತ್ರ ಮಾಡುತ್ತೇನೆ, ಪ್ರವಾಸ, ಧ್ವನಿಮುದ್ರಣ ಯಾವುದೂ ಇಲ್ಲ ಎಂದರು. ಕೊನೆಗೆ ಮೇಯರ್ ತಾವೇ ಹೊರನಡೆದು ಜಗತ್ತಿನ ಹೆಸರಾಂತ ಏಕವ್ಯಕ್ತಿ ವಾದಕಿಯಾದರು. ಕಾರಯಾನ್ ಮತ್ತು ವೃಂದದ ನಡುವಿನ ಬಿರುಕು ಮತ್ತೆ ಕೂಡಲಿಲ್ಲ. 1989ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ತೀರಿಕೊಂಡರು.

ಈ ಜಗಳದಲ್ಲಿ ಯಾವ ಪಕ್ಷಕ್ಕೂ ಪೂರ್ಣ ಅಂಕ ಕೊಡಲಾಗದು. ವಾದಕರ ಮತ ಆ ದಿನ ತಪ್ಪಾಗಿತ್ತು ಎಂದೇ ಹೇಳಬೇಕು. ಬಹುಮತ ಎಂದರೆ ನ್ಯಾಯ ಎಂದಲ್ಲ. ನೂರು ವರ್ಷ ಗಂಡಸರೇ ತುಂಬಿದ್ದ ಕೋಣೆಯಲ್ಲಿ ಹಾಕಿದ ಮತ ಆ ಕೋಣೆಯ ಅಭ್ಯಾಸವನ್ನೇ ಹೇಳುತ್ತದೆ. ಆದರೆ ಕಾರಯಾನ್ ಕೂಡ ಸೋತದ್ದು ತಮ್ಮ ಆಯ್ಕೆ ತಪ್ಪಾಗಿದ್ದರಿಂದಲ್ಲ. ದಶಕಗಳ ಕಾಲ ಯಾರ ಮಾತನ್ನೂ ಕೇಳದೆ ನಡೆದವರಿಗೆ, ಸರಿಯಾದ ವಿಷಯದಲ್ಲಿ ಒಪ್ಪಿಗೆ ಬೇಕಾದಾಗ ಒಪ್ಪಿಗೆ ಸಿಗಲಿಲ್ಲ. ಒಳ್ಳೆಯ ಉದ್ದೇಶದ ಸುಧಾರಣೆಗಳು ಸಂಸ್ಥೆಗಳಲ್ಲಿ ಮಣ್ಣುಪಾಲಾಗುವುದು ಬಹುಮಟ್ಟಿಗೆ ಹೀಗೆಯೇ.

ಮುಂದೆ ನಡೆದದ್ದು ಇನ್ನೂ ಕುತೂಹಲಕರ. ಹೊಸಬರನ್ನು ಆರಿಸಲು ಕುಳಿತ ವಾದಕರು ಎಲ್ಲರ ಬಾಯಲ್ಲಿದ್ದ ಹೆಸರುಗಳನ್ನು ಬಿಟ್ಟು ಕ್ಲಾಡಿಯೋ ಅಬ್ಬಾಡೋ ಎಂಬ ಮಿತಭಾಷಿಯನ್ನು ಆರಿಸಿದರು. ತನ್ನನ್ನು ಬರೀ ಕ್ಲಾಡಿಯೋ ಎಂದು ಕರೆಯಿರಿ ಎಂದ ಮನುಷ್ಯ ಅವರು. ತಾಲೀಮಿನಲ್ಲಿ ಅವರ ಬಾಯಿಂದ ಹೆಚ್ಚಾಗಿ ಬರುತ್ತಿದ್ದ ಮಾತು ಒಂದೇ: ಕೇಳಿಸಿಕೊಳ್ಳಿ. ಕಂಡಕ್ಟರ್‌ನ ಕೋಲನ್ನಲ್ಲ, ಪಕ್ಕದವರ ವಾದನವನ್ನು. ನಂತರ ಸೈಮನ್ ರಾಟಲ್ ಬಂದರು. ಅವರ ಉತ್ತರಾಧಿಕಾರಿಗಾಗಿ 2015ರ ಮೇ 11ರಂದು ವಾದಕರು ಹನ್ನೊಂದು ಗಂಟೆ ಕುಳಿತು ಮತ ಹಾಕಿದರೂ ತೀರ್ಮಾನಕ್ಕೆ ಬರಲಾಗಲಿಲ್ಲ. ಜಗತ್ತಿನ ಪತ್ರಿಕೆಗಳು ಕಾಯುತ್ತಿದ್ದವು. ಅವರು ಅವಸರಪಡಲಿಲ್ಲ, ಎದ್ದು ಮನೆಗೆ ಹೋದರು. ಜೂನ್‌ನಲ್ಲಿ ಮತ್ತೆ ಸೇರಿ ಕಿರಿಲ್ ಪೆಟ್ರೆಂಕೊ ಅವರನ್ನು ಆರಿಸಿದರು. ಪೆಟ್ರೆಂಕೊ ಅಲ್ಲಿಯವರೆಗೆ ಆ ವೃಂದದೊಂದಿಗೆ ಮೂರು ಬಾರಿ ಮಾತ್ರ ಕಾಣಿಸಿಕೊಂಡಿದ್ದವರು, ಪತ್ರಿಕಾ ಸಂದರ್ಶನಗಳಿಂದ ದೂರವಿರುವವರು, ಅವರ ಧ್ವನಿಮುದ್ರಿಕೆಗಳೂ ಬೆರಳೆಣಿಕೆಯವು. ಹೊರಗಿನ ಲೋಕಕ್ಕೆ ಅಷ್ಟಾಗಿ ಪರಿಚಿತನಲ್ಲದವನನ್ನು ಒಳಗಿನವರು ಆರಿಸಿದರು, ಏಕೆಂದರೆ ತಾಲೀಮಿನ ಕೋಣೆಯಲ್ಲಿ ಆತ ಏನೆಂದು ಅವರು ಕಂಡಿದ್ದರು. ಪ್ರಚಾರ ನೋಡಿ ಮುಖ್ಯಸ್ಥರನ್ನು ತರುವ ಯಾವ ಆಡಳಿತ ಮಂಡಳಿಗೂ ಈ ಆಯ್ಕೆ ಸಾಧ್ಯವಿರಲಿಲ್ಲ.

ಸಾಲ ವಾಪಸು ಕೇಳಿದ ಪ್ರಸಂಗಗಳೂ ಇವೆ. ಮಿಲಾನ್‌ನ ಲಾ ಸ್ಕಾಲಾದಲ್ಲಿ 1986ರಿಂದ ಸಂಗೀತ ನಿರ್ದೇಶಕರಾಗಿದ್ದ ರಿಕಾರ್ಡೋ ಮುಟಿ ವಿರುದ್ಧ 2005ರ ಮಾರ್ಚ್‌ನಲ್ಲಿ ವಾದಕರೂ ರಂಗಸಿಬ್ಬಂದಿಯೂ ಸೇರಿ ಭಾರಿ ಬಹುಮತದಿಂದ ಅವಿಶ್ವಾಸ ಸೂಚಿಸಿದರು. ಏಪ್ರಿಲ್ 2ರಂದು ಮುಟಿ ಹೊರನಡೆದರು. ತಕರಾರು ಮುಖ್ಯವಾಗಿ ಅವರ ಸಂಗೀತದ ಬಗ್ಗೆ ಇರಲಿಲ್ಲ. ಅದೇ ಮುಟಿಯನ್ನು ಕೆಲವೇ ವರ್ಷಗಳಲ್ಲಿ ಶಿಕಾಗೋ ಸಿಂಫನಿಯ ವಾದಕರು ಪತ್ರ ಬರೆದು ಬರಮಾಡಿಕೊಂಡರು. ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ 1967ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬಗ್ಗೆ ಹಗುರವಾಗಿ ಮಾತನಾಡಿ ಅಲ್ಲಿನ ವಾದಕರನ್ನು ಕೆರಳಿಸಿದ್ದರು. 1978ರಲ್ಲಿ ಅದೇ ವೃಂದದ ಚುಕ್ಕಾಣಿ ಹಿಡಿದು ಹದಿಮೂರು ವರ್ಷ ನಡೆಸಿದರು. ಒಂದು ಕಡೆ ಕಳೆದ ವಿಶ್ವಾಸ ಇನ್ನೊಂದು ಕಡೆ ಸಿಗಬಹುದು, ಕಾಲ ಕಳೆದ ಮೇಲೆ ಅಲ್ಲೇ ಮರಳಬಹುದು. ಆದರೆ ಹುದ್ದೆಯ ಜೊತೆ ತಾನಾಗಿ ಬರುವುದಿಲ್ಲ.

ಹಾಗಿದ್ದರೆ ಕಂಡಕ್ಟರ್ ಬೇಕೇ? ಸೋವಿಯತ್ ಕ್ರಾಂತಿಯ ನಂತರ ಮಾಸ್ಕೋದ ಕೆಲವರು ಇದನ್ನೇ ಕೇಳಿದರು. 1922ರಲ್ಲಿ ಲೆವ್ ಜೈಟ್ಲಿನ್ ಎಂಬ ಪಿಟೀಲು ವಾದಕರ ಮುಂದಾಳತ್ವದಲ್ಲಿ 'ಪೆರ್‌ಸಿಮ್‌ಫಾನ್ಸ್' ಎಂಬ ಕಂಡಕ್ಟರ್ ಇಲ್ಲದ ವೃಂದ ಹುಟ್ಟಿತು. ಪರಸ್ಪರ ಕಣ್ಣು ಸಿಗಲೆಂದು ವೃತ್ತಾಕಾರವಾಗಿ ಕುಳಿತರು, ಕೆಲವರ ಬೆನ್ನು ಸಭಿಕರ ಕಡೆಗಿತ್ತು. 1927ರಲ್ಲಿ ಈ ವೃಂದದೊಂದಿಗೆ ಪ್ರೊಕೊಫಿಯೆವ್ ಪಿಯಾನೋ ನುಡಿಸಿದರು. ಹತ್ತು ವರ್ಷ ನಡೆದು ಅದು ನಿಂತಿತು. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ಕಂಡಕ್ಟರ್ ಇಲ್ಲದೆ ನುಡಿಸುತ್ತಿದೆ, ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆದಿದೆ. ಆದರೆ ಅಲ್ಲಿ ನಾಯಕತ್ವ ಇಲ್ಲವೆಂದಲ್ಲ. ಕೃತಿಯಿಂದ ಕೃತಿಗೆ ಮುಂದಾಳು ಬದಲಾಗುತ್ತಾರೆ, ಒಂದು ಸಣ್ಣ ಗುಂಪು ಮೊದಲು ಕೂತು ಕೃತಿಯನ್ನು ಹೇಗೆ ನುಡಿಸಬೇಕೆಂದು ತೀರ್ಮಾನಿಸುತ್ತದೆ. ನೂರು ಜನರ ಮಾಹ್ಲರ್ ಸಿಂಫನಿಗೆ ಈ ದಾರಿ ಸಾಲದು. ಅಷ್ಟು ದೊಡ್ಡ ವೃಂದದಲ್ಲಿ ಹಿಂದಿನ ಸಾಲಿನ ತಾಳವಾದ್ಯದವರಿಗೆ ಮುಂದಿನ ಪಿಟೀಲಿನವರ ಬಿಲ್ಲು ಸರಿಯಾಗಿ ಕಾಣುವುದೂ ಇಲ್ಲ, ಕೇಳುವುದೂ ತಡವಾಗಿಯೇ. ಎಲ್ಲರ ನಾದವೂ ಒಟ್ಟಿಗೆ ಬಂದು ಸೇರುವ ಒಂದು ಜಾಗ ಬೇಕು, ಅಲ್ಲಿ ನಿಂತು ಕೇಳುವ ಒಬ್ಬರು ಬೇಕು. ಕಂಡಕ್ಟರ್‌ನ ನಿಜವಾದ ಕೆಲಸ ಅಲ್ಲಿಂದ ಆರಂಭವಾಗುತ್ತದೆ.

ಆ ಕೆಲಸದ ಬಹುಪಾಲು ಸಭಿಕರಿಗೆ ಕಾಣುವುದೇ ಇಲ್ಲ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹೆನ್ರಿ ಮಿಂಟ್ಸ್‌ಬರ್ಗ್, ವಿನಿಪೆಗ್ ಸಿಂಫನಿಯ ಕಂಡಕ್ಟರ್ ಬ್ರಾಮ್‌ವೆಲ್ ಟೋವಿ ಅವರ ಜೊತೆಗಿದ್ದು ನೋಡಿ 1998ರಲ್ಲಿ ಬರೆದರು. ಅಲ್ಲಿ ಅವರಿಗೆ ಕಂಡದ್ದು ಗುಪ್ತ ನಾಯಕತ್ವ. ಟೋವಿ ಆಜ್ಞೆ ಮಾಡುತ್ತಿರಲಿಲ್ಲ, ಹುರಿದುಂಬಿಸುವ ಭಾಷಣವನ್ನೂ ಮಾಡುತ್ತಿರಲಿಲ್ಲ. ಪಳಗಿದ ವಾದಕರಿಗೆ ಪಿಟೀಲು ಹೇಗೆ ನುಡಿಸಬೇಕೆಂದು ಹೇಳಿಕೊಡಬೇಕಾಗಿಲ್ಲ. ಏನು ನುಡಿಸಬೇಕೆಂದು ಸ್ವರಲಿಪಿಯೇ ಹೇಳುತ್ತದೆ. ಉಳಿಯುವುದು ಒಂದು ವಾತಾವರಣವನ್ನು ಕಾಪಾಡುವ ಕೆಲಸ. ಅದು ಸಣ್ಣ ಮಾತುಗಳಲ್ಲಿ, ನೋಟಗಳಲ್ಲಿ, ಯಾವಾಗ ನಿಲ್ಲಿಸಬೇಕು ಯಾವಾಗ ಬಿಡಬೇಕು ಎಂಬ ಅಂದಾಜಿನಲ್ಲಿ ನಡೆಯುತ್ತದೆ.

ಬರ್ಲಿನ್ ವೃಂದದ ಟಿಂಪನಿ ವಾದಕ ವೆರ್ನರ್ ಥೇರಿಶನ್ ತಮ್ಮ ನೆನಪುಗಳಲ್ಲಿ ಒಂದು ಘಟನೆ ಹೇಳಿದ್ದಾರೆ. ಬೇರೊಬ್ಬ ಕಂಡಕ್ಟರ್ ಜೊತೆ ತಾಲೀಮು ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ವೃಂದದ ನಾದ ಬದಲಾಯಿತು, ಇನ್ನಷ್ಟು ತುಂಬಿಕೊಂಡಿತು. ಏನಾಯಿತೆಂದು ತಲೆ ಎತ್ತಿದರೆ ಸಭಾಂಗಣದ ತುದಿಯ ಬಾಗಿಲಲ್ಲಿ ಫುರ್ಟ್‌ವೆಂಗ್ಲರ್ ಬಂದು ನಿಂತಿದ್ದರು. ಕೈ ಎತ್ತಿರಲಿಲ್ಲ, ಮಾತೂ ಆಡಿರಲಿಲ್ಲ. ಅವರ ಕೋಲಿನ ಹೊಡೆತ ಹೆಸರಾದದ್ದೇ ಅಸ್ಪಷ್ಟತೆಗೆ. ಎಲ್ಲಿ ಶುರು ಮಾಡಬೇಕೆಂದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಆ ಅಸ್ಪಷ್ಟತೆಯಿಂದಾಗಿಯೇ ವಾದಕರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲೇಬೇಕಾಗುತ್ತಿತ್ತು. ಅವರ ಎದುರು ವರ್ಷಗಟ್ಟಲೆ ಹಾಗೆ ಕೇಳಿಸಿಕೊಂಡು ನುಡಿಸಿದವರಿಗೆ, ಅವರ ಇರವೇ ಕಿವಿ ತೆರೆಯಿಸಲು ಸಾಕಾಯಿತು.

ನಾಯಕರು ಒಪ್ಪದ ಕೆಲಸವನ್ನು ಹೇಗೆ ಮಾಡಬೇಕೆಂಬುದಕ್ಕೆ 1962ರ ಏಪ್ರಿಲ್ 6ರ ಕಾರ್ನೆಗಿ ಹಾಲ್ ಕಛೇರಿ ನೆನಪಾಗುತ್ತದೆ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಬ್ರಾಮ್ಸ್‌ನ ಮೊದಲ ಕನ್ಸರ್ಟೊವನ್ನು ಬಹಳ ನಿಧಾನ ಗತಿಯಲ್ಲಿ ನುಡಿಸಬೇಕೆಂದರು. ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರಿಗೆ ಅದು ಸರಿ ಕಾಣಲಿಲ್ಲ. ಕಛೇರಿಗೆ ಮೊದಲು ಸಭಿಕರತ್ತ ತಿರುಗಿ, ಈ ಗತಿಯನ್ನು ತಾವು ಒಪ್ಪುವುದಿಲ್ಲ, ಆದರೆ ಗೂಲ್ಡ್ ಗಂಭೀರ ಕಲಾವಿದ, ಅವರ ಕಲ್ಪನೆಯನ್ನು ಕೇಳಲೇಬೇಕು ಎಂದು ಹೇಳಿ ಕಂಡಕ್ಟ್ ಮಾಡಿದರು. ಹಾಗೆ ಹೇಳಿದ್ದು ಸರಿಯೇ ಎಂಬ ವಾದ ಇಂದಿಗೂ ನಿಂತಿಲ್ಲ. ಆದರೆ ಮುಖ್ಯ ಸಂಗತಿ ಏನೆಂದರೆ, ಭಿನ್ನಾಭಿಪ್ರಾಯವನ್ನು ಬಯಲಲ್ಲಿಟ್ಟ ಮೇಲೆ ಅವರು ಗೂಲ್ಡ್‌ನ ಗತಿಯನ್ನೇ ಹಿಡಿದು ನಡೆಸಿದರು. ಆಫೀಸುಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಸಭೆಯಲ್ಲಿ ತಲೆಯಾಡಿಸುತ್ತಾರೆ, ಆಮೇಲೆ ಕೆಲಸದಲ್ಲಿ ಕಾಲೆಳೆಯುತ್ತಾರೆ.

ನಮ್ಮ ಸಂಸ್ಥೆಗಳು ಕಂಡಕ್ಟರ್‌ಗಳಿಂದ ಎರವಲು ತಂದಿರುವುದು ಪೀಠವನ್ನು ಮಾತ್ರ. ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮೌಲ್ಯಮಾಪನ ಬಹುಮಟ್ಟಿಗೆ ಮೇಲಿನಿಂದ ಕೆಳಗೆ ಹರಿಯುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಕುಲಪತಿಯನ್ನು ಶೋಧನಾ ಸಮಿತಿ ಸೂಚಿಸುತ್ತದೆ, ಅಲ್ಲಿ ಪಾಠ ಮಾಡುವವರಿಗೆ ಮತವಿಲ್ಲ. ಆಸ್ಪತ್ರೆಯ ಮುಖ್ಯಸ್ಥರ ಬಗ್ಗೆ ದಾದಿಯರನ್ನು ಯಾರೂ ಕೇಳುವುದಿಲ್ಲ, ಮುಖ್ಯೋಪಾಧ್ಯಾಯರ ಬಗ್ಗೆ ಶಿಕ್ಷಕರನ್ನು ಕೇಳುವುದಿಲ್ಲ. ಕೇಳಿದರೆ ಶಿಸ್ತು ಕೆಡುತ್ತದೆ, ಎಲ್ಲರೂ ಸಲೀಸಾದವರನ್ನೇ ಆರಿಸುತ್ತಾರೆ ಎಂಬ ಭಯ. ಬರ್ಲಿನ್ ವಾದಕರು ಸಲೀಸಾದವರನ್ನು ಆರಿಸಲಿಲ್ಲ. ಪೆಟ್ರೆಂಕೊ ತಾಲೀಮಿನಲ್ಲಿ ಬಹಳ ಕಟ್ಟುನಿಟ್ಟಿನವರೆಂದು ಹೆಸರಾದವರು. ಕೆಲಸ ಚೆನ್ನಾಗಿ ಆಗಲೆಂದು ಬಯಸುವವರು ತಮ್ಮಿಂದ ಚೆನ್ನಾಗಿ ಕೆಲಸ ತೆಗೆಯುವವರನ್ನೇ ಬಯಸುತ್ತಾರೆ.

ಎಲ್ಲ ಕಡೆ ಚುನಾವಣೆ ನಡೆಸಬೇಕೆಂದಲ್ಲ. ಸಬೀನಾ ಮೇಯರ್ ಪ್ರಕರಣ ಅದರ ಅಪಾಯವನ್ನೂ ತೋರಿಸಿದೆ. ಆದರೆ ಒಂದು ಕೆಲಸವನ್ನು ಯಾವ ಆಡಳಿತ ಮಂಡಳಿಯೂ ಇಂದೇ ಮಾಡಬಹುದು. ಮುಖ್ಯಸ್ಥರನ್ನು ನೇಮಿಸುವ ಮೊದಲು, ಅವಧಿ ವಿಸ್ತರಿಸುವ ಮೊದಲು, ಅವರ ಕೈಕೆಳಗೆ ಕೆಲಸ ಮಾಡಿದವರನ್ನು ಹೆಸರು ಹೇಳದ ಚೀಟಿಯಲ್ಲಿ ಕೇಳಿ. ಬಂದ ಉತ್ತರವನ್ನು ಕಡತದಲ್ಲಿ ಇಡಿ, ನಿರ್ಧಾರ ಕೈಗೊಳ್ಳುವಾಗ ಗಟ್ಟಿಯಾಗಿ ಓದಿ.